ಭಂಡಾರ ಕಾಯುವವರು

(ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಮುಂಬಯಿ ಕನ್ನಡಿಗರ ಮುಂದೆ ಆಡಿದ ಮಾತು. ಆಡುವಾಗ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ. ಕೊನೆಯ ಭಾಗ ಸಭೆ ಮುಗಿದ ಮೇಲಿನದು.)

ಎಲ್ಲರಿಗೂ ನಮಸ್ಕಾರ.

ಮೊನ್ನೆ ಸಂಘದವರು ಫೋನ್ ಮಾಡಿದಾಗ ಹೇಳಿದ್ದು ಇಷ್ಟು: "ಅಕ್ಕ, ಮಕ್ಕಳನ್ನು ಕರಕೊಂಡು ತಂದೆತಾಯಿ ಬರ್ತಾರೆ. ಕ್ಯುರೇಟರ್ ಅಂದ್ರೆ ಯಾರು, ಮ್ಯೂಸಿಯಂ ಡೈರೆಕ್ಟರ್ ಆಗೋದು ಹೇಗೆ, ಅದರಲ್ಲಿ ಊಟಕ್ಕೆ ಆಗ್ತದಾ, ಇಷ್ಟು ಹೇಳಿದ್ರೆ ಸಾಕು." ಮೂರನೆಯ ಪ್ರಶ್ನೆಗಾಗಿಯೇ ಬಹಳ ಜನ ಬಂದಿದ್ದೀರಿ ಅಂತ ನನಗೆ ಗೊತ್ತು. ನನ್ನ ಅಪ್ಪನೂ ಅದನ್ನೇ ಕೇಳಿದ್ದರು. ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಇಡೀ ಆಯುಷ್ಯ ಕೂತವರು ಅವರು. ಮಗಳು ಬ್ಯಾಂಕಿನ ಪರೀಕ್ಷೆ ಬಿಟ್ಟು ಚಿತ್ರಗಳ ಪಟ್ಟಿ ಬರೆಯುವ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಬಯ್ಯಲಿಲ್ಲ. "ಅಲ್ಲಿ ನಿನಗೆ ಏನು ಕೆಲಸ, ನನಗೆ ಅರ್ಥ ಆಗುವ ಹಾಗೆ ಹೇಳು" ಅಂದರು. ಆ ದಿನ ಹೇಳಲು ಬರಲಿಲ್ಲ. ಇವತ್ತು ಹೇಳಲು ನೋಡುತ್ತೇನೆ.

ನಿಮ್ಮಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು. ಊರಿನ ದೈವದ ಭಂಡಾರ ನೋಡಿದ್ದೀರಿ. ದೈವದ ಮೊಗ, ಕಡ್ತಲೆ ಅನ್ನುವ ಕತ್ತಿ, ಗಂಟೆ, ಕಾಲಿಗೆ ಹಾಕುವ ಗಗ್ಗರ, ಇವೆಲ್ಲ ವರ್ಷಪೂರ್ತಿ ಭಂಡಾರದ ಮನೆಯ ಕತ್ತಲಲ್ಲಿ ಇರುತ್ತವೆ. ನೇಮದ ದಿನ, ಅಂದರೆ ದೈವದ ಉತ್ಸವದ ದಿನ, ಭಂಡಾರ ಹೊರಡುತ್ತದೆ. ಅದಕ್ಕೆ ಮೊದಲು ಯಾರೋ ಒಬ್ಬರು ಬೀಗ ತೆಗೆದು ಒಂದೊಂದನ್ನೂ ಎಣಿಸುತ್ತಾರೆ, ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಗಗ್ಗರದ ಒಂದು ಕಾಳು ಸಡಿಲವಾಗಿದ್ದರೆ ನೋಡಿಕೊಳ್ಳುತ್ತಾರೆ. ನೇಮ ಮುಗಿದ ಮೇಲೆ, ಜನರೆಲ್ಲ ಮನೆಗೆ ಹೋಗಿ ಮಲಗಿದ ಮೇಲೆ, ಅದೇ ಮನುಷ್ಯ ಮತ್ತೆ ಎಣಿಸಿ ಒಳಗಿಟ್ಟು ಬೀಗ ಹಾಕುತ್ತಾನೆ. ಎಣಿಸುವುದು, ಕಾಯುವುದು, ಹೊರಗೆ ತರುವುದು. ಕ್ಯುರೇಟರ್ ಅನ್ನುವ ಪದದ ಲ್ಯಾಟಿನ್ ಬೇರಿಗೂ ಜೋಪಾನ ಮಾಡುವುದು ಅಂತಲೇ ಅರ್ಥ. ಇಂದಿನ ಹುಡುಗ ಹುಡುಗಿಯರು ಈ ಕೆಲಸಕ್ಕೆ ಆಸೆಪಡುವುದು ಮೂರನೆಯದನ್ನು ಕಂಡು: ಉದ್ಘಾಟನೆಯ ಸಂಜೆ, ದೀಪಗಳು, ಗೋಡೆಯ ಮೇಲೆ ತಮ್ಮ ಹೆಸರು. ಆಸೆ ತಪ್ಪಲ್ಲ. ಆದರೆ ಮೂವತ್ತು ವರ್ಷ ಈ ಊರಿನಲ್ಲಿ ಈ ಕೆಲಸದ ಒಳಗೇ ಇದ್ದು ನಾನು ಕಂಡದ್ದು ಬೇರೆ. ಎಣಿಸಲು, ಕಾಯಲು ಕಲಿತವರ ಕೈಯಲ್ಲಿ ಹೊರಗೆ ತಂದದ್ದು ಉಳಿದಿದೆ. ನನಗೆ ಇವತ್ತು ಹೇಳಲಿಕ್ಕಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ನಾಳೆ ಬೆಳಿಗ್ಗೆ ಚರ್ಚ್‌ಗೇಟಿನಲ್ಲಿ ಇಳಿದು ಕಾಲಾ ಘೋಡಾ ಕಡೆಗೆ ನಡೆಯಿರಿ. ಹತ್ತು ನಿಮಿಷದ ಅಂತರದಲ್ಲಿ ಈ ದೇಶದ ಕಲಾಸಂಸ್ಥೆಗಳ ನೂರು ವರ್ಷದ ಕಥೆ ನಿಂತಿದೆ. ದೊಡ್ಡ ಗುಮ್ಮಟದ್ದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಅದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು ಬಿತ್ತು. ವಾಸ್ತುಶಿಲ್ಪಿ ಜಾರ್ಜ್ ವಿಟ್ಟೆಟ್. ಕಟ್ಟಡ ಎದ್ದ ಮೇಲೆ ಮೊದಲು ಒಳಗೆ ಬಂದದ್ದು ಚಿತ್ರಗಳಲ್ಲ, ಗಾಯಾಳು ಸೈನಿಕರು. ಮೊದಲ ಮಹಾಯುದ್ಧದ ಕಾಲಕ್ಕೆ ಅದು ಸೈನಿಕ ಆಸ್ಪತ್ರೆ ಆಗಿತ್ತು. ಮ್ಯೂಸಿಯಂ ಅಂತ ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿಯಲ್ಲಿ. ಅದೇ ರಸ್ತೆಯ ಆಚೆ ಬದಿಯಲ್ಲಿ ಅದೇ ವಿಟ್ಟೆಟ್ 1911ರಲ್ಲಿ ಕಟ್ಟಿದ ಕಾವಸ್‌ಜಿ ಜಹಾಂಗೀರ್ ಹಾಲ್ ಇದೆ. ಸಭೆ, ಸಂಗೀತ ಕಛೇರಿಗಳು ನಡೆಯುತ್ತಿದ್ದ ಆ ಹಾಲಿನ ಒಳಗನ್ನು ಬಿಡಿಸಿ, ಅರ್ಧವೃತ್ತದ ಮಹಡಿಗಳನ್ನು ಕಟ್ಟಿ, 1996ರಲ್ಲಿ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟಿನ ಮುಂಬಯಿ ಶಾಖೆ ಮಾಡಿದರು. ಅದಕ್ಕೆ ರೂಪ ಕೊಟ್ಟವರಲ್ಲಿ ಸರಯೂ ದೋಶಿಯವರ ಹೆಸರು ಮುಖ್ಯ. ಜೈನ ಚಿತ್ರಕಲೆಯನ್ನು ಆಳವಾಗಿ ಓದಿದ ವಿದ್ವಾಂಸೆ ಆಧುನಿಕ ಕಲೆಯ ಮನೆಯನ್ನು ತೆರೆದರು ಅನ್ನುವುದನ್ನು ಮಕ್ಕಳು ಗಮನಿಸಬೇಕು.

ದೊಡ್ಡ ಮ್ಯೂಸಿಯಂನಲ್ಲಿ ಡೈರೆಕ್ಟರ್ ಆದವರನ್ನು ನೋಡಿ. ಮೋತಿ ಚಂದ್ರ 1937ರಲ್ಲಿ ಅಲ್ಲಿಗೆ ಸೇರಿದರು, ದಶಕಗಳ ಕಾಲ ಅಲ್ಲೇ ಉಳಿದರು. ಸಂಸ್ಕೃತ ಬಲ್ಲ, ಹಳೆಯ ವಸ್ತ್ರ, ವ್ಯಾಪಾರದ ದಾರಿ, ತಾಳೆಗರಿಯ ಚಿತ್ರ ಇವುಗಳ ಮೇಲೆ ಬರೆದ ಪಂಡಿತ. ಅವರ ನಂತರ ಸದಾಶಿವ ಗೋರಕ್ಷಕರ್ ಸುಮಾರು ಎರಡು ದಶಕ ಆ ಕುರ್ಚಿಯಲ್ಲಿದ್ದರು. 2003ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2007ರಿಂದ ಸಬ್ಯಸಾಚಿ ಮುಖರ್ಜಿಯವರು ನಡೆಸುತ್ತಿದ್ದಾರೆ. ಒಂದು ಶತಮಾನದ ಸಂಸ್ಥೆಗೆ ಬೆರಳೆಣಿಕೆಯ ಡೈರೆಕ್ಟರುಗಳು. ಕಂಪೆನಿಗಳಲ್ಲಿ ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವುದು ಬುದ್ಧಿವಂತಿಕೆ ಇರಬಹುದು. ಮ್ಯೂಸಿಯಂನಲ್ಲಿ ಕಪಾಟುಗಳ ಪರಿಚಯ ಆಗುವುದಕ್ಕೇ ಮೂರು ವರ್ಷ ಬೇಕು.

ಡೈರೆಕ್ಟರ್ ಏನು ಮಾಡುತ್ತಾರೆ ಅನ್ನುವುದಕ್ಕೆ ಒಂದು ಪ್ರದರ್ಶನವನ್ನೇ ತೆಗೆದುಕೊಳ್ಳೋಣ. 2017ರ ನವೆಂಬರಿನಲ್ಲಿ ಅಲ್ಲಿ 'ಇಂಡಿಯಾ ಅಂಡ್ ದ ವರ್ಲ್ಡ್' ತೆರೆಯಿತು. ಬ್ರಿಟಿಷ್ ಮ್ಯೂಸಿಯಂ, ದೆಹಲಿಯ ನ್ಯಾಷನಲ್ ಮ್ಯೂಸಿಯಂ ಜೊತೆ ಸೇರಿ ಮಾಡಿದ್ದು, ಸುಮಾರು 200 ವಸ್ತುಗಳು. ನಿಮ್ಮಲ್ಲಿ ಕೆಲವರು ಮಕ್ಕಳ ಜೊತೆ ಸರತಿಯಲ್ಲಿ ನಿಂತು ನೋಡಿದ್ದೀರಿ. ಇಂಥ ಪ್ರದರ್ಶನದ ಹಿಂದೆ ಎಂಥ ಕೆಲಸ ಇರುತ್ತದೆ ಅಂತ ಹೇಳುತ್ತೇನೆ. ಬೇರೆಯವರ ವಸ್ತು ಕೇಳಿದರೆ ಅವರು ಮೊದಲು ಕೇಳುವುದು ನಿಮ್ಮ ಕೋಣೆಯ ಜಾತಕ: ಉಷ್ಣಾಂಶ ಎಷ್ಟು, ತೇವ ಎಷ್ಟು, ರಾತ್ರಿ ಎಸಿ ಆರಿಸುತ್ತೀರಾ, ಬೆಂಕಿ ಬಿದ್ದರೆ ನೀರು ಹಾರಿಸುತ್ತೀರಾ ಗ್ಯಾಸ್ ಬಿಡುತ್ತೀರಾ, ಕಾವಲಿಗೆ ಎಷ್ಟು ಜನ. ಮುಂಬಯಿಯ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಆ ಊರಿನಲ್ಲಿ ಕುಳಿತು ವರ್ಷಪೂರ್ತಿಯ ತೇವದ ಲೆಕ್ಕ ಬರೆದಿಟ್ಟಿದ್ದರೆ ಮಾತ್ರ ಮುಂದಿನ ಮಾತು. ಆಮೇಲೆ ಇನ್ಶೂರೆನ್ಸ್, ಕಸ್ಟಮ್ಸ್, ಅಳತೆಗೆ ತಕ್ಕ ಮರದ ಕ್ರೇಟು. ಪೆಟ್ಟಿಗೆ ಬಂದು ಇಳಿದ ಮೇಲೂ ತಕ್ಷಣ ಬಿಚ್ಚುವಂತಿಲ್ಲ. ಒಳಗಿನ ವಸ್ತು ಹೊರಗಿನ ಹವೆಗೆ ಒಗ್ಗುವವರೆಗೆ ಹಾಗೇ ಇರಬೇಕು. ಬಿಚ್ಚುವಾಗ ವಸ್ತುವಿನ ಮನೆಯಿಂದ ಬಂದವರು ಒಬ್ಬರು, ಇಲ್ಲಿಯವರು ಒಬ್ಬರು, ಇಬ್ಬರೂ ಟಾರ್ಚು ಹಿಡಿದು ಪ್ರತಿ ಬಿರುಕನ್ನೂ ಹಳೆಯ ಫೋಟೋದ ಜೊತೆ ಹೋಲಿಸಿ ಸಹಿ ಹಾಕುತ್ತಾರೆ. ಇದಕ್ಕೆ ನಮ್ಮಲ್ಲಿ ಕಂಡೀಶನ್ ರಿಪೋರ್ಟ್ ಅನ್ನುತ್ತೇವೆ. ಕಳಿಸುವಾಗ ಮತ್ತೆ ಅದೇ ಕೆಲಸ. ನೇಮ ಮುಗಿದ ರಾತ್ರಿಯ ಎಣಿಕೆ ಇದೇ.

ಈಗ ನನ್ನದೊಂದು ರಾತ್ರಿ ಹೇಳಬೇಕು.

2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ನಾನಾಗ ಒಂದು ಖಾಸಗಿ ಸಂಗ್ರಹದ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಗೋದಾಮು ಕುರ್ಲಾ ಕಡೆ, ನೆಲಮಹಡಿಯಲ್ಲಿ. ನೆಲದಿಂದ ಎರಡಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಹಾಕಿಸಿ ಅಂತ ನಾವು ಎರಡು ಸಲ ಬರೆದು ಕೊಟ್ಟಿದ್ದೆವು. ಖರ್ಚು ಹೆಚ್ಚು ಅಂತ ಮುಂದೆ ಹಾಕಿದ್ದರು. ಸಂಜೆ ನಾಲ್ಕಕ್ಕೆ ಬಾಗಿಲ ಕೆಳಗಿನಿಂದ ನೀರು ಬಂತು. ನಾನು, ಕಾವಲುಗಾರ, ಇಬ್ಬರು ಪ್ಯಾಕಿಂಗ್ ಹುಡುಗರು. ಕ್ಯಾನ್ವಾಸುಗಳನ್ನು ಮೇಜಿನ ಮೇಲೆ, ಮೇಜು ತುಂಬಿದ ಮೇಲೆ ಕಪಾಟಿನ ತಲೆಯ ಮೇಲೆ, ಆಮೇಲೆ ಮಹಡಿ ಮೆಟ್ಟಿಲಲ್ಲಿ ಸಾಲಾಗಿ ಇಟ್ಟೆವು. ಕರೆಂಟು ಹೋಯಿತು. ಕಾಗದದ ಮೇಲಿನ ಚಿತ್ರಗಳು ಉದ್ದನೆಯ ಡ್ರಾಯರುಗಳಲ್ಲಿದ್ದವು. ಕೆಳಗಿನ ಎರಡು ಡ್ರಾಯರು ಎಳೆಯಲು ಹೋದರೆ ಮರ ನೀರು ಕುಡಿದು ಉಬ್ಬಿ ಬಿಗಿದುಕೊಂಡಿತ್ತು. ಕೈ ಹಾಕಿ ಎಳೆದೆವು, ಬರಲಿಲ್ಲ. ಅವು ಹೋದವು.

ರಾತ್ರಿಯಿಡೀ ಆ ಮೆಟ್ಟಿಲಲ್ಲಿ ಕೂತಿದ್ದೆವು. ನನ್ನ ಮಡಿಲಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದಪ್ಪ ರಿಜಿಸ್ಟರ್. ಯಾವ ಚಿತ್ರ ಯಾವಾಗ ಬಂತು, ಅಳತೆ ಏನು, ಯಾವ ಡ್ರಾಯರಿನಲ್ಲಿದೆ ಅಂತ ಬರೆದ ಪುಸ್ತಕ. ಮುಂದಿನ ಮೂರು ವಾರ ಒದ್ದೆ ಕಾಗದಗಳನ್ನು ಬ್ಲಾಟಿಂಗ್ ಹಾಳೆಯ ನಡುವೆ ಇಟ್ಟು, ಫ್ಯಾನು ಹಾಕಿ, ಬೂಷ್ಟು ಬಂದವನ್ನು ಬೇರೆ ಮಾಡಿ ಕೆಲಸ ಮಾಡಿದೆವು. ಬಣ್ಣ ಕರಗಿ ಏನೂ ಕಾಣದ ಹಾಳೆಗಳಿಗೆ ಆ ಪುಸ್ತಕದಿಂದಲೇ ಹೆಸರು ಸಿಕ್ಕಿತು. ಒಬ್ಬ ಕಲಾವಿದ ಬಂದು ತನ್ನ ಹಾಳಾದ ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಇದು ನನ್ನದು ಅಂತ ನಿಮಗಾದರೂ ಗೊತ್ತಾಯಿತಲ್ಲ" ಅಂದರು. ಎಣಿಸುವುದು ಗುಮಾಸ್ತರ ಕೆಲಸ ಅಂತ ಅದುವರೆಗೆ ನನಗೂ ಒಳಗೊಳಗೆ ಅನಿಸುತ್ತಿತ್ತು. ಆಮೇಲೆ ಅನಿಸಲಿಲ್ಲ.

ಬೈಕಲಾಕ್ಕೆ ಹೋಗೋಣ. ರಾಣಿಬಾಗಿನ ಪ್ರಾಣಿಗಳನ್ನು ನೋಡಲು ಎಲ್ಲರೂ ಹೋಗಿದ್ದೀರಿ. ಗೇಟಿನ ಪಕ್ಕದ ಆ ಚೆಂದದ ಕಟ್ಟಡದ ಒಳಗೆ ಎಷ್ಟು ಜನ ಹೋಗಿದ್ದೀರಿ? 1872ರಲ್ಲಿ ತೆರೆದ ಮ್ಯೂಸಿಯಂ ಅದು, ಮುಂಬಯಿಯಲ್ಲಿ ಎಲ್ಲಕ್ಕಿಂತ ಹಳೆಯದು. ಮೊದಲು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ, 1975ರಿಂದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ. ಭಾವು ದಾಜಿ ವೈದ್ಯರು. ರೋಗಿಗಳನ್ನು ನೋಡುತ್ತಾ ಶಾಸನ ಓದಿದರು, ಈ ಮ್ಯೂಸಿಯಂಗಾಗಿ ಓಡಾಡಿದರು. ನೂರು ವರ್ಷ ಕಳೆಯುವಷ್ಟರಲ್ಲಿ ಕಟ್ಟಡ ಶಿಥಿಲವಾಗಿತ್ತು. 2003ರಲ್ಲಿ ಮಹಾನಗರಪಾಲಿಕೆ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ, ಜಮ್ನಾಲಾಲ್ ಬಜಾಜ್ ಫೌಂಡೇಶನ್ ಮೂವರೂ ಒಪ್ಪಂದ ಮಾಡಿಕೊಂಡು ದುರಸ್ತಿಗೆ ಇಳಿದರು. ಆ ಕೆಲಸವನ್ನು ಬೆನ್ನು ಹತ್ತಿ ಮಾಡಿಸಿದವರು ತಸ್ನೀಮ್ ಝಕಾರಿಯಾ ಮೆಹ್ತಾ, ಆಮೇಲೆ ಅಲ್ಲಿನ ಗೌರವ ಡೈರೆಕ್ಟರ್. 2005ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂತು. 2008ರಲ್ಲಿ ಮತ್ತೆ ಬಾಗಿಲು ತೆರೆಯಿತು. ಪಾಲಿಕೆಯ ಕಚೇರಿ, ದಾನಿಗಳ ಕಚೇರಿ, ತಜ್ಞರು, ಗಾರೆಯವರು, ಇಷ್ಟು ಜನರನ್ನು ಒಂದು ದಾರಕ್ಕೆ ಕಟ್ಟಿ ಐದು ವರ್ಷ ಹಿಡಿದಿಡುವುದು ಡೈರೆಕ್ಟರ್ ಕೆಲಸ. ಕಲಾ ಇತಿಹಾಸದ ಪದವಿಯಲ್ಲಿ ಇದನ್ನು ಕಲಿಸುವುದಿಲ್ಲ. ನಮ್ಮ ಊರಿನ ಜೀರ್ಣೋದ್ಧಾರ ಸಮಿತಿಯಲ್ಲಿ ದುಡಿದ ಯಾರಿಗಾದರೂ ಇದರ ತೂಕ ಗೊತ್ತು.

ದುರಸ್ತಿ ಮುಗಿದ ಮೇಲೆ ಅವರು ಮಾಡಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇಂದಿನ ಕಲಾವಿದರನ್ನು ಕರೆದು, ಈ ಹಳೆಯ ಬೀರುಗಳ ನಡುವೆ, ಮಣ್ಣಿನ ಗೊಂಬೆಗಳ ಪಕ್ಕದಲ್ಲಿ ನಿಮ್ಮ ಕೆಲಸ ಇಡಿ ಅಂದರು. 2011ರಲ್ಲಿ ಹಾಗೆ ಬಂದವರಲ್ಲಿ ನಮ್ಮ ಕೋಟೇಶ್ವರದ ಕಡೆಯ ಎಲ್.ಎನ್. ತಲ್ಲೂರು ಒಬ್ಬರು. ಇವರ ವಿಷಯ ಮಕ್ಕಳು ಕೇಳಬೇಕು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಚಿತ್ರಕಲೆ ಓದಿದರು. ಆಮೇಲೆ ಬರೋಡಾಕ್ಕೆ ಹೋಗಿ ಓದಿದ್ದು ಮ್ಯೂಸಿಯಾಲಜಿ. ಮ್ಯೂಸಿಯಂ ನಡೆಸುವ ವಿದ್ಯೆ ಕಲಿತವರು ಶಿಲ್ಪಿಯಾದರು. ಸಮಕಾಲೀನ ಕಲೆಗೆ ಕೊಡುತ್ತಿದ್ದ ಸ್ಕೋಡಾ ಪ್ರಶಸ್ತಿ 2012ರಲ್ಲಿ ಅವರಿಗೆ ಬಂತು. ಹಳೆಯ ವಿಗ್ರಹ ಅಂದರೆ ಏನು, ಅದರ ಮೇಲಿನ ಕಿಲುಬು ಹೊಲಸೋ ಇತಿಹಾಸವೋ, ಭಕ್ತನ ಕೈ ತಾಗಿ ಸವೆದದ್ದನ್ನು ಹಾನಿ ಅನ್ನಬೇಕೇ, ಇಂಥ ಪ್ರಶ್ನೆಗಳು ಅವರ ಕೆಲಸದಲ್ಲಿ ನನಗೆ ಕಾಣುತ್ತವೆ. ಇವು ಭಂಡಾರದ ಮನೆಯ ಪ್ರಶ್ನೆಗಳು.

ಇನ್ನು, ಯಾವ ಮ್ಯೂಸಿಯಂನ ನೌಕರಿಯಲ್ಲೂ ಇಲ್ಲದೆ ಪ್ರದರ್ಶನ ಕಟ್ಟುವವರು. ಸಮಕಾಲೀನ ಕಲೆಯ ಕ್ಯುರೇಟರ್ ಅಂದಾಗ ಜನರ ಕಣ್ಣ ಮುಂದೆ ಬರುವವರು ಇವರೇ. ಯುರೋಪಿನಲ್ಲಿ ಹರಾಲ್ಡ್ ಝೀಮನ್ 1969ರಲ್ಲಿ ಬರ್ನ್ ನಗರದಲ್ಲಿ ಮಾಡಿದ ಪ್ರದರ್ಶನ ದೊಡ್ಡ ಗಲಾಟೆ ಎಬ್ಬಿಸಿತು. ಅವರು ಹುದ್ದೆ ಬಿಟ್ಟು ಸ್ವತಂತ್ರವಾಗಿ ಕೆಲಸ ಮಾಡತೊಡಗಿದರು. ಅಲ್ಲಿ ಈ ವೃತ್ತಿಯ ಕಥೆಯನ್ನು ಅಲ್ಲಿಂದ ಶುರುಮಾಡುತ್ತಾರೆ. ನಮ್ಮಲ್ಲಿ ಕಥೆ ಬೇರೆ ದಾರಿಯಲ್ಲಿ ಬಂತು. 1952ರಲ್ಲಿ ಎದ್ದ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನೇ ನೋಡಿ. ಸರ್ ಕಾವಸ್‌ಜಿ ಜಹಾಂಗೀರ್ ಅದನ್ನು ಕಟ್ಟಿಸಿದರು. ಕಟ್ಟಿಸಬೇಕು ಅಂತ ಒತ್ತಾಯ ಮಾಡಿದ ಇಬ್ಬರಲ್ಲಿ ಒಬ್ಬರು ವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಕಲಾವಿದ ಕೆ.ಕೆ. ಹೆಬ್ಬಾರರು. ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಪಾಠ ಮಾಡಿದವರು. ಆ ಮೆಟ್ಟಿಲು ಹತ್ತುವಾಗ ನನಗೆ ಪ್ರತಿ ಸಲವೂ ಹೆಮ್ಮೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅದೇ ಕಟ್ಟಡದ ಮೊದಲ ಮಹಡಿಯಲ್ಲಿ 1963ರಲ್ಲಿ ಕೇಕೂ ಗಾಂಧಿ ಗ್ಯಾಲರಿ ಶೆಮೋಲ್ಡ್ ತೆರೆದರು. ಅವರು ಶುರುಮಾಡಿದ್ದು ಫ್ರೇಮು ಕಟ್ಟುವ ವ್ಯಾಪಾರದಿಂದ. ಕ್ಯುರೇಟರ್ ಅನ್ನುವ ಹೆಸರಿಲ್ಲದೆ ಆ ಕೆಲಸವನ್ನು ಕಲಾವಿದರು, ಫ್ರೇಮಿನವರು, ವಿಮರ್ಶಕರು ಹಂಚಿಕೊಂಡು ಮಾಡಿದರು.

ವಿಮರ್ಶಕರ ಬಾಗಿಲು ದೊಡ್ಡದು. ಗೀತಾ ಕಪೂರ್ ಮೊದಲು ಬರಹಗಾರ್ತಿ. 2001ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಮಹಾನಗರಗಳ ಬಗ್ಗೆ ದೊಡ್ಡ ಪ್ರದರ್ಶನ ಆದಾಗ ಅದರ ಮುಂಬಯಿ ಭಾಗವನ್ನು ಆಶಿಶ್ ರಾಜಾಧ್ಯಕ್ಷರ ಜೊತೆ ಕಟ್ಟಿದವರು ಅವರು. 1992ರ ಗಲಭೆಯಿಂದ ಮುಂದಿನ ಹತ್ತು ವರ್ಷದ ಮುಂಬಯಿ, ನಾವೆಲ್ಲ ಬದುಕಿ ದಾಟಿದ ಮುಂಬಯಿ, ಅಲ್ಲಿ ಗೋಡೆಯ ಮೇಲಿತ್ತು. ನಮ್ಮೂರಿನ ಕವಿ ರಂಜಿತ್ ಹೊಸ್ಕೋಟೆ ಪತ್ರಿಕೆಯಲ್ಲಿ ಕಲಾವಿಮರ್ಶೆ ಬರೆಯುತ್ತಿದ್ದವರು. ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನಕ್ಕೆ ಬಿನಾಲೆ ಅನ್ನುತ್ತಾರೆ. ಹೊಸ್ಕೋಟೆ 2008ರಲ್ಲಿ ಕೊರಿಯಾದ ಗ್ವಾಂಗ್ಜು ಬಿನಾಲೆಯ ಸಹ ಕ್ಯುರೇಟರ್ ಆದರು, 2011ರಲ್ಲಿ ವೆನಿಸ್ ಬಿನಾಲೆಯಲ್ಲಿ ಭಾರತದ ಪೆವಿಲಿಯನ್, ಅಂದರೆ ನಮ್ಮ ದೇಶದ ಪ್ರದರ್ಶನ, ಕಟ್ಟಿದರು. ವಿಮರ್ಶಕಿ ನ್ಯಾನ್ಸಿ ಅದಜಾನಿಯಾ 2012ರಲ್ಲಿ ಗ್ವಾಂಗ್ಜುವಿನ ಜಂಟಿ ನಿರ್ದೇಶಕರಲ್ಲಿ ಒಬ್ಬರಾದರು. ವೆನಿಸ್ಸಿನಲ್ಲಿ ಭಾರತದ ಅಧಿಕೃತ ಪೆವಿಲಿಯನ್ 2011ರ ನಂತರ ಮತ್ತೆ ಬಂದದ್ದು 2019ರಲ್ಲಿ. ನಡುವೆ ಎಂಟು ವರ್ಷ. ಇಷ್ಟು ದೊಡ್ಡ ದೇಶದ ಕ್ಯುರೇಟರುಗಳಿಗೆ ಸಿಗುವ ಜಾಗ ಎಷ್ಟು ಕಿರಿದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬರೆಯುವವರಷ್ಟೇ ಅಲ್ಲ, ಕಲಾವಿದರೂ ಈ ಕೆಲಸಕ್ಕೆ ಬಂದಿದ್ದಾರೆ. 2012ರ ಡಿಸೆಂಬರ್ 12ರಂದು ಕೊಚ್ಚಿ ಮುಜಿರಿಸ್ ಬಿನಾಲೆ ಶುರುಮಾಡಿದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಇಬ್ಬರೂ ಕೇರಳದಿಂದ ಬಂದು ಮುಂಬಯಿಯಲ್ಲಿ ಕಲಾವಿದರಾಗಿ ಬೆಳೆದವರು. ಅದರ 2016ರ ಆವೃತ್ತಿಯ ಕ್ಯುರೇಟರ್ ಸುದರ್ಶನ್ ಶೆಟ್ಟಿ, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. ಆ ಸಲ ಅವರು ಚಿತ್ರ, ಶಿಲ್ಪದ ಜೊತೆ ಕವಿಗಳನ್ನೂ ಕರೆದರು. ಚಿಲಿ ದೇಶದ ಕವಿ ರಾವುಲ್ ಜುರಿಟಾ ಒಂದು ದೊಡ್ಡ ಕೋಣೆಯ ನೆಲಕ್ಕೆ ಸಮುದ್ರದ ನೀರು ತುಂಬಿಸಿದ್ದರು. ನಾವು ಮೊಣಕಾಲವರೆಗಿನ ಆ ನೀರಲ್ಲಿ ನಡೆದುಹೋಗಿ ಗೋಡೆಯ ಮೇಲಿನ ಸಾಲು ಓದಬೇಕು. ಕಡಲು ದಾಟುವಾಗ ಸತ್ತ ವಲಸಿಗರ ನೋವು ಅದು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ, ವಾಪಸ್ಸು ಬರುವಾಗ ಮಾತಾಡಲು ಆಗಲಿಲ್ಲ. ಅಲ್ಲಿ ಹೊಳೆದದ್ದು ಇದು: ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷಧಾರಿ ಅನ್ನುತ್ತೇವೆ. ಅವರು ಬಣ್ಣ ಹಚ್ಚುವುದಿಲ್ಲ, ಕುಣಿಯುವುದಿಲ್ಲ. ಯಾವ ವೇಷ ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಲಯ ಇಳಿಸಬೇಕು ಅನ್ನುವುದೆಲ್ಲ ಅವರ ಕೈಯ ಜಾಗಟೆಯಲ್ಲಿದೆ. ಒಳ್ಳೆಯ ಭಾಗವತರು ವೇಷಧಾರಿಯ ಉಸಿರು ನೋಡಿ ಪದ್ಯ ಎತ್ತುತ್ತಾರೆ. ಪ್ರದರ್ಶನದಲ್ಲೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ನಡುವೆ ಖಾಲಿ ಗೋಡೆ ಎಷ್ಟಿರಬೇಕು ಅನ್ನುವುದು ಹಾಗೆಯೇ.

ಪುಣೆ, ಗೋವಾದ ಬಗ್ಗೆ ಎರಡೇ ಮಾತು. ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ಕಟ್ಟಿದ ದಿನಕರ ಕೇಳ್ಕರರ ಮನೆತನದ್ದು ಕನ್ನಡಕದ ವ್ಯಾಪಾರ. ಎಳೆಯ ವಯಸ್ಸಿನಲ್ಲೇ ತೀರಿಹೋದ ಮಗ ರಾಜಾನ ಹೆಸರನ್ನು ಅದಕ್ಕೆ ಇಟ್ಟರು. ದೀಪ, ಅಡಕತ್ತರಿ, ಬಾಗಿಲು, ವಾದ್ಯ ಅಂತ ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ್ದನ್ನು 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರು. ಗೋವಾದ ಪಿಲೆರ್ಣದಲ್ಲಿ 2015ರಲ್ಲಿ ಮ್ಯೂಸಿಯಂ ಆಫ್ ಗೋವಾ ತೆರೆದ ಸುಬೋಧ್ ಕೇರ್ಕರ್ ಓದಿದ್ದು ವೈದ್ಯಕೀಯ. ಡೈರೆಕ್ಟರ್ ಆಗಲು ಯಾರೂ ಕರೆಯದಿದ್ದರೆ ಮ್ಯೂಸಿಯಂ ತಾವೇ ಕಟ್ಟಿದವರು ಇವರು. ಈ ದಾರಿಗೆ ಒಂದೋ ಆಸ್ತಿ ಬೇಕು, ಇಲ್ಲ ಹುಚ್ಚು ಬೇಕು. ಬಹಳ ಸಲ ಎರಡೂ.

ಈಗ ಊಟದ ಪ್ರಶ್ನೆ. ನೇರವಾಗಿ ಹೇಳುತ್ತೇನೆ. ದೊಡ್ಡ ಸಂಸ್ಥೆಯ ಒಳಗೆ ಕಾಯಂ ಕೆಲಸ ಸಿಕ್ಕಿದರೆ ತಿಂಗಳ ಸಂಬಳ ಬರುತ್ತದೆ, ಮನೆ ನಡೆಯುತ್ತದೆ, ಶ್ರೀಮಂತರಾಗುವುದಿಲ್ಲ. ಅಂಥ ಜಾಗಗಳು ಕಡಿಮೆ. ಸರ್ಕಾರಿ ಮ್ಯೂಸಿಯಂಗಳಲ್ಲಿ ಡೈರೆಕ್ಟರ್ ಕುರ್ಚಿ ಖಾಲಿ ಬಿದ್ದು, ಬೇರೆ ಇಲಾಖೆಯ ಅಧಿಕಾರಿಗೆ ಹೆಚ್ಚುವರಿ ಹೊಣೆ ಕೊಟ್ಟು ನಡೆಸಿದ ಉದಾಹರಣೆಗಳು ಬೇಕಾದಷ್ಟಿವೆ. ಅದು ನನಗೆ ಸಿಟ್ಟು ತರಿಸುವ ವಿಷಯ. ಭಂಡಾರದ ಬೀಗದ ಕೈಯನ್ನು ಹೊಲದ ಲೆಕ್ಕ ನೋಡುವವನಿಗೆ ಯಾರಾದರೂ ಕೊಡುತ್ತಾರೆಯೇ? ಖಾಸಗಿ ಗ್ಯಾಲರಿಗಳಲ್ಲಿ ಕೆಲಸ ಬೇಗ ಸಿಗುತ್ತದೆ, ಮಾರಾಟದ ಒತ್ತಡ ಜೊತೆಗೇ ಬರುತ್ತದೆ. ಸ್ವತಂತ್ರವಾಗಿ ಪ್ರದರ್ಶನ ಮಾಡಿದರೆ ದುಡ್ಡು ಪ್ರದರ್ಶನದ ಲೆಕ್ಕದಲ್ಲಿ ಬರುತ್ತದೆ, ಬರುವಾಗ ಬರುತ್ತದೆ. ಒಂದು ಸಂಸ್ಥೆ ಒಂದು ವರ್ಷ ನನ್ನಿಂದ ಕೆಲಸ ಮಾಡಿಸಿಕೊಂಡು, ಕ್ಯಾಟಲಾಗಿನಲ್ಲಿ ಹೆಸರು ಬಿಟ್ಟು, ದುಡ್ಡನ್ನು ಇನ್ನೊಂದು ವರ್ಷ ತಡಮಾಡಿ ಕೊಟ್ಟಿತು. ಅಂದಿನಿಂದ ಕೆಲಸ ಶುರುಮಾಡುವ ಮೊದಲು ಕಾಗದದಲ್ಲಿ ನಾಲ್ಕು ಸಾಲು ಬರೆಸಿಕೊಳ್ಳುತ್ತೇನೆ: ದುಡ್ಡು ಎಷ್ಟು, ಎಷ್ಟು ಕಂತು, ನನ್ನ ಹೆಸರು ಎಲ್ಲಿ ಬರುತ್ತದೆ, ಪ್ರದರ್ಶನ ರದ್ದಾದರೆ ಏನು. ಮಕ್ಕಳೇ, ನಾಚಿಕೆ ಬೇಡ, ಕೇಳಿ. ತಂದೆತಾಯಿಗೆ ಇನ್ನೊಂದು ಮಾತು: ಮನೆಯಲ್ಲಿ ದುಡ್ಡಿರುವವರ ಮಕ್ಕಳಿಗೆ ಸಂಬಳವಿಲ್ಲದ ಇಂಟರ್ನ್‌ಶಿಪ್ಪು ಮಾಡುವ ಧೈರ್ಯ ಇರುತ್ತದೆ, ಉಳಿದವರಿಗೆ ಇರುವುದಿಲ್ಲ. ಈ ವೃತ್ತಿಯ ದೊಡ್ಡ ಅನ್ಯಾಯ ಅದು. ನಮ್ಮ ಸಂಘಗಳು ಪದವಿಗೆ ವಿದ್ಯಾರ್ಥಿವೇತನ ಕೊಡುವ ಹಾಗೆ ಇಂಥ ಆರು ತಿಂಗಳಿಗೂ ಕೊಟ್ಟರೆ, ಒಂದೊಂದು ವರ್ಷಕ್ಕೆ ಒಬ್ಬರಾದರೂ ಒಳಗೆ ಹೋದಾರು.

ಓದಲು ಬರೋಡಾದ ಮ್ಯೂಸಿಯಾಲಜಿ ವಿಭಾಗ ಇದೆ, 1952ರಿಂದ. ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿದ್ದ ಸಂಸ್ಥೆ ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅನ್ನುವ ಹೆಸರಿನಲ್ಲಿದೆ. ಈ ಊರಿನಲ್ಲೇ ಶಿವಾಜಿ ಮ್ಯೂಸಿಯಂ, ಭಾವು ದಾಜಿ ಲಾಡ್ ಮ್ಯೂಸಿಯಂ ಎರಡೂ ಸ್ನಾತಕೋತ್ತರ ಡಿಪ್ಲೊಮಾ ನಡೆಸಿವೆ. ಆದರೆ ಕಲಾ ಇತಿಹಾಸ ಓದಿದವರಿಗೆ ಮಾತ್ರ ಜಾಗ ಅಂತ ತಿಳಿಯಬೇಡಿ. ರಸಾಯನಶಾಸ್ತ್ರ ಓದಿದವರು ಕನ್ಸರ್ವೇಟರ್ ಆಗುತ್ತಾರೆ, ಬಣ್ಣದ ಪದರ, ಲೋಹದ ಕಿಲುಬು ನೋಡುವವರು. ಬಿಕಾಂ ಮಾಡಿ ಲೆಕ್ಕದ ಶಿಸ್ತು ಇರುವವರು ಒಳ್ಳೆಯ ರಿಜಿಸ್ಟ್ರಾರ್ ಆಗುತ್ತಾರೆ, ಸಂಗ್ರಹದ ಪಟ್ಟಿ, ದಾಖಲೆ ನೋಡುವವರು; ನಾನು ಹಾಗೇ ಬಂದವಳು. ಹತ್ತಿ ವ್ಯಾಪಾರಿ ಜಹಾಂಗೀರ್ ನಿಕೋಲ್ಸನ್ ಕೂಡಿಸಿದ ಆಧುನಿಕ ಕಲೆಯ ಸಂಗ್ರಹ ಶಿವಾಜಿ ಮ್ಯೂಸಿಯಂನ ಒಳಗಿದೆ. ಆ ಒಂದು ಸಂಗ್ರಹದ ಜೊತೆ ದುಡಿದವರು ಎಲ್ಲೆಲ್ಲಿ ಹೋದರು ನೋಡಿ. ಝಾಶಾ ಕೋಲಾ 2025ರ ಬರ್ಲಿನ್ ಬಿನಾಲೆಯ ಕ್ಯುರೇಟರ್ ಆದರು. ಕಾಮಿನಿ ಸಾಹ್ನಿ, 2023ರಲ್ಲಿ ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ತನ್ನ ಕಟ್ಟಡದ ಬಾಗಿಲು ತೆರೆದಾಗ, ಅದರ ಡೈರೆಕ್ಟರ್ ಆಗಿದ್ದರು.

ಕೊನೆಯದಾಗಿ ಭಾಷೆ. ಒಮ್ಮೆ ಊರಿನ ಕಡೆಯ ಒಂದು ಪ್ರದರ್ಶನಕ್ಕೆ ಕನ್ನಡದಲ್ಲಿ ಗೋಡೆಯ ಬರಹ ಬರೆದುಕೊಡಿ ಅಂದರು. ಇಂಗ್ಲಿಷಿನಲ್ಲಿ ಒಂದು ಶಿಲ್ಪದ ಕೆಳಗೆ ಬರೆದದ್ದು 'ಅನ್‌ಟೈಟಲ್ಡ್, ಮಿಕ್ಸೆಡ್ ಮೀಡಿಯಾ'. ನಾನು 'ಶೀರ್ಷಿಕೆರಹಿತ, ಮಿಶ್ರ ಮಾಧ್ಯಮ' ಅಂತ ಬರೆದು, ಓದಿ, ನನಗೇ ಬೇಸರವಾಯಿತು. ಕಲಾವಿದನಿಗೆ ಫೋನ್ ಮಾಡಿ, ಒಳಗೆ ಏನೇನು ಹಾಕಿದ್ದೀಯಪ್ಪ ಅಂತ ಕೇಳಿದೆ. ಆಮೇಲೆ ಬರೆದೆ: 'ಹೆಸರಿಟ್ಟಿಲ್ಲ. ಗೋಣಿಚೀಲ, ಎಂಜಿನ್ ಎಣ್ಣೆ, ಹಿತ್ತಾಳೆ ಚೆಂಬಿನ ಚೂರು.' ಪ್ರದರ್ಶನ ನೋಡಲು ಬಂದ ಬಂದರಿನ ಕೂಲಿಯವರು ಅದನ್ನು ಓದಿ, ಬಗ್ಗಿ, ಎಣ್ಣೆಯ ವಾಸನೆ ನೋಡಿದರು. ಮುಂಬಯಿಯ ಮ್ಯೂಸಿಯಂಗಳಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಬರಹ ಇರುತ್ತದೆ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ 4 ಭಾಷೆ ಬರುತ್ತದೆ. ಈ ಕೆಲಸಕ್ಕೆ ಅದು ದೊಡ್ಡ ಬಂಡವಾಳ. ಒಂದು ವಸ್ತುವನ್ನು 4 ಭಾಷೆಯಲ್ಲಿ 60 ಪದದೊಳಗೆ ಹೇಳಿ ನೋಡಿ, ಯಾವ ಭಾಷೆಯಲ್ಲಿ ನೀವು ಆ ವಸ್ತುವನ್ನು ಸರಿಯಾಗಿ ನೋಡಲೇ ಇಲ್ಲ ಅನ್ನುವುದು ತಿಳಿಯುತ್ತದೆ.

ಪ್ರಶ್ನೆಗಳ ಹೊತ್ತಿನಲ್ಲಿ, ಎಂಬತ್ತರ ಹತ್ತಿರದ ಹಿರಿಯರೊಬ್ಬರು ಎದ್ದು ನಿಂತರು. ರಾತ್ರಿಶಾಲೆಯಲ್ಲಿ ಓದಿ, ಹಗಲು ಮೇಜು ಒರೆಸಿ, ಆಮೇಲೆ ಸ್ವಂತ ಹೋಟೆಲು ಮಾಡಿದವರು. "ಅಮ್ಮ, ನಮ್ಮ ಹೋಟೆಲಿನ ಹಳೇ ದರಪಟ್ಟಿಯ ಬೋರ್ಡು ಅಟ್ಟದ ಮೇಲೆ ಉಂಟು. ಮರದ್ದು. ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಬರೆಸಿದ್ದೆ. ಅಕ್ಷರ ಮಾಸಿದೆ. ಪೇಂಟ್ ಹೊಡೆಸಿ ಯಾವುದಾದ್ರೂ ಮ್ಯೂಸಿಯಂಗೆ ಕೊಡ್ಲಿಕ್ಕೆ ಆಗ್ತದಾ?"

"ದಯವಿಟ್ಟು ಪೇಂಟ್ ಹೊಡೆಸಬೇಡಿ" ಅಂದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮಳೆಗಾಲದಲ್ಲಿ ಪ್ಲಾಸ್ಟಿಕ್ಕು ಸುತ್ತಬೇಡಿ, ಒಳಗೆ ತೇವ ಕಟ್ಟಿ ಬೂಷ್ಟು ಬರುತ್ತದೆ, ಹಳೆಯ ಹತ್ತಿ ಸೀರೆ ಹೊದಿಸಿ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ ಅಂತ ಹೇಳಿದೆ. ಮ್ಯೂಸಿಯಂ ತೆಗೆದುಕೊಳ್ಳುತ್ತದೋ ಇಲ್ಲವೋ, ಮೊದಲು ಅದರ ವಿವರ ಬರೆಯೋಣ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಸಭೆಯಲ್ಲಿ ಅಂಕೋಲೆ ಕಡೆಯ ಒಬ್ಬ ಹುಡುಗಿ, ಬಿಕಾಂ ಎರಡನೇ ವರ್ಷ, ತಾನೂ ಬರುತ್ತೇನೆ ಅಂದಿದ್ದಳು, ಬಂದಳು. ಬೋರ್ಡನ್ನು ಅಟ್ಟದಿಂದ ಇಳಿಸಿ ಕಿಟಕಿಯ ಹತ್ತಿರ ಒರಗಿಸಿದೆವು. ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಮಾಸಿದ ಕನ್ನಡದ ಸಾಲೂ ಕಾಣುತ್ತಿತ್ತು: ಸಜ್ಜಿಗೆ, ಬನ್ಸ್, ಅರ್ಧ ಚಹಾ. ಅವಳು ಟೇಪು ಹಿಡಿದು ಉದ್ದ ಅಗಲ ಬರೆದಳು, ಎಡ ಮೂಲೆಯ ಬಿರುಕು ಬರೆದಳು, ಗೆದ್ದಲು ತಿಂದ ಜಾಗವನ್ನು ಪೆನ್ಸಿಲಿನಲ್ಲಿ ಬಿಡಿಸಿದಳು. 'ಬರೆದವರು' ಅನ್ನುವ ಕಡೆ ಬಂದು ನಿಂತಳು. ಹಿರಿಯರು ಬಹಳ ಹೊತ್ತು ಯೋಚಿಸಿದರು. ಕಾಪು ಕಡೆಯ ಪೇಂಟರ್, ಕೆಲಸ ಮುಗಿಸಿ ದುಡ್ಡಿನ ಜೊತೆ ಊಟ ಕೇಳಿದ್ದ, ಹೆಸರು ನೆನಪಿಗೆ ಬರುತ್ತಿಲ್ಲ. ಅವಳು 'ತಿಳಿದಿಲ್ಲ' ಅಂತ ಬರೆಯಲು ಹೊರಟಳು.

"ಬೇಡ ಮಗಾ, ಹಾಗೆ ಬರೀಬೇಡ, ಖಾಲಿ ಬಿಡು" ಅಂದರು ಅವರು, ಎದ್ದು ಫೋನು ಹುಡುಕುತ್ತಾ. "ಅವನ ತಮ್ಮ ಇನ್ನೂ ಊರಲ್ಲಿ ಇದ್ದಾನೆ. ಕೇಳ್ತೇನೆ."